ಕೀಲಿನ ಮಣೆ

ಹೊನ್ನಾಳಿ ಬಸ್ ನಿಲ್ದಾಣದ ಹಿಂದೆ ಇದ್ದ ಮಹೇಶ್ವರಪ್ಪನವರ ಟ್ರಂಕಿನ ಕಾರ್ಖಾನೆಯಲ್ಲಿ ಬೆಳಿಗ್ಗೆ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಕೇಳಬೇಕಾಗಿರಲಿಲ್ಲ. ಬಂದವರು ತಮ್ಮ ಸುತ್ತಿಗೆಯ ಹಿಡಿ ಬಿಗಿಯಾಗಲೆಂದು ಅಡಿಗಲ್ಲಿನ ಮೇಲೆ ನಾಲ್ಕು ಸಲ ಬಡಿಯುತ್ತಿದ್ದರು. ಮೇಸ್ತ್ರಿ ತಿಪ್ಪೇಶಪ್ಪನವರು ಅವರಿಗೆ ಬೆನ್ನು ಹಾಕಿ ಕುಳಿತು ಚಾ ಕುಡಿಯುತ್ತ ಆ ನಾಲ್ಕು ಏಟು ಕೇಳುತ್ತಿದ್ದರು. ಕೇಳಿ, ಆ ದಿನ ಯಾರಿಗೆ ಯಾವ ಕೆಲಸ ಎಂದು ಹೇಳುತ್ತಿದ್ದರು.

ಸಿಟ್ಟಿನಲ್ಲಿ ಬಂದವನಿಗೆ ದಪ್ಪ ತಗಡು. ಅದನ್ನು ಮರದ ಕೊಡತಿಯಿಂದ ತಟ್ಟಿ ಮಟ್ಟ ಮಾಡುವುದು. ಹೆದರಿಕೊಂಡು ಬಂದವನಿಗೆ ಅಳತೆ, ಏಕೆಂದರೆ ಹೆದರಿದವನು ಮೂರು ಸಲ ಅಳೆಯುತ್ತಾನೆ. ಖುಷಿಯಲ್ಲಿದ್ದವನಿಗೆ ಹಿಡಿಕೆ. ಟ್ರಂಕಿನ ಎರಡು ಪಕ್ಕದ ಹಿಡಿಕೆ ಸ್ವಲ್ಪ ಸೊಟ್ಟ ಆದರೂ ಯಾರಿಗೂ ತಿಳಿಯುವುದಿಲ್ಲ. ಕೀಲು ಮಾತ್ರ ದುಃಖದಲ್ಲಿರುವವರಿಗೆ. ಮುಚ್ಚಳವನ್ನು ಟ್ರಂಕಿಗೆ ಹಿಡಿಸುವುದು ಕೀಲು. ಅದು ಒಂದು ಎಳ್ಳಿನಷ್ಟು ವಾರೆಯಾದರೆ ಮುಚ್ಚಳ ಕೂರುವುದಿಲ್ಲ, ಚಿಲಕ ಬೀಳುವುದಿಲ್ಲ. ಅದಕ್ಕೆ ನಿಧಾನದ ಕೈ ಬೇಕು. ಏನೂ ಅವಸರವಿಲ್ಲದ, ಎಲ್ಲಿಗೂ ಹೋಗಬೇಕಾಗಿಲ್ಲದ ಕೈ.

ಈ ನಿಯಮ ಎಲ್ಲಿಂದ ಬಂತೆಂದು ಕೇಳಿದರೆ ಮೇಸ್ತ್ರಿ ಒಂದೇ ಕಥೆ ಹೇಳುತ್ತಿದ್ದರು. ಅವರ ಮಗಳು ಹುಟ್ಟಿದ ದಿನ ಅವರು ಒಂದು ಮದುವೆ ಟ್ರಂಕಿಗೆ ಕೀಲು ಹಾಕಿದ್ದರು. ಮಾರನೆಯ ದಿನ ನೋಡಿದರೆ ಮುಂದೆ ಕೀಲು, ಹಿಂದೆ ಚಿಲಕ.

"ಖುಷಿ ಇರೋನ ಕೈಗೆ ಕೀಲು ಕೊಡಬಾರ್ದು. ಅವತ್ತು ಕಲ್ತೆ," ಎನ್ನುತ್ತಿದ್ದರು.

ಮೂರು ಜನ ಗಂಡಸರ ಈ ಕಾರ್ಖಾನೆಗೆ ಉಡಚಮ್ಮ ಬಂದದ್ದು ಹಾಗೆಯೇ. ನ್ಯಾಮತಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅವಳ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಅವಳಿಗೆ ಇಪ್ಪತ್ತಾರು. ತವರು ಗೋವಿನಕೋವಿಯಲ್ಲಿ ಅಣ್ಣನ ಮನೆ. ಅಲ್ಲಿ ಅವಳನ್ನು ಕಾಳಿನ ಕೋಣೆಯಲ್ಲಿ ಮಲಗಿಸಿದ್ದರು. ಅತ್ತಿಗೆ ಕೆಟ್ಟವಳಲ್ಲ. ಆದರೆ ದಿನಕ್ಕೆ ಹತ್ತು ಸಲ ಅವಳ ಮುಖ ನೋಡಿ "ಅಯ್ಯೋ ಪಾಪ" ಎನ್ನುತ್ತಿದ್ದಳು. ದೂರದ ಸಂಬಂಧದ ತಿಪ್ಪೇಶಪ್ಪನವರು ಒಮ್ಮೆ ಆ ಮನೆಗೆ ಬಂದಾಗ ಉಡಚಮ್ಮ ಹಿತ್ತಲಲ್ಲಿ ಗಂಡನ ಸುತ್ತಿಗೆಯಿಂದ ಮೊಳೆ ಹೊಡೆಯುತ್ತಿದ್ದಳು. ಅವರು ತಿರುಗಿ ನೋಡಲಿಲ್ಲ. ಏಟಿನ ಸದ್ದು ಕೇಳಿದರು ಅಷ್ಟೆ. ಮಾರನೆಯ ವಾರ ಅವಳು ಹೊನ್ನಾಳಿಯಲ್ಲಿ, ಮೇಸ್ತ್ರಿ ಹೆಂಡತಿಯ ಜೊತೆ ಒಂದು ಕೋಣೆಯಲ್ಲಿದ್ದಳು.

ಮಹೇಶ್ವರಪ್ಪನವರಿಗೆ ಇಷ್ಟವಿರಲಿಲ್ಲ. "ಹೆಣ್ಣುಮಗಳು ತಗಡಿನ ಕೆಲಸ ಮಾಡ್ತಾಳೇನೋ?" ಎಂದರು. ಅವಳು ಹಾಕಿದ ಮೊದಲ ಕೀಲನ್ನು ನೋಡಿ ಸುಮ್ಮನಾದರು. ಆಮೇಲೆ ಹೇಳಿದರು: "ನಿನ್ನ ಇಟ್ಕೊಂಡಿದ್ದು ಕೀಲಿನ ಕೆಲಸಕ್ಕೆ. ಇಟ್ಟೀನಿ ವರ್ಷದ ಮಟ್ಟಿಗೆ. ಕೀಲು ಕೆಟ್ಟ ದಿನ ಗೋವಿನಕೋವಿ ಬಸ್ಸು ಹತ್ತು."

ಅವಳು "ಆಗ್ಲಿ ರೀ" ಎಂದಳು.

ಹನ್ನೊಂದು ತಿಂಗಳು ಅವಳ ನಾಲ್ಕು ಏಟು ಬದಲಾಗಲಿಲ್ಲ. ಅವಳು ಅಳುತ್ತಿರಲಿಲ್ಲ. ಅಳುವವರಿಗೆ ಕೀಲು ಕೊಡಲಾಗುವುದಿಲ್ಲ, ಕಣ್ಣು ಮಂಜಾಗುತ್ತದೆ. ಕಿಟಕಿಯ ಪಕ್ಕ ಒಂದು ಗಿಡ್ಡ ಮಣೆ ಇತ್ತು, ಅದರ ಮೇಲೆ ಕೀಲು ಹಾಕುವವರು ಮಾತ್ರ ಕೂರುತ್ತಿದ್ದರು. ಅವಳು ಬಂದ ಮೇಲೆ ಬೇರೆ ಯಾರೂ ಅದರ ಮೇಲೆ ಕೂರಲಿಲ್ಲ. ಮಣೆಯ ಪಕ್ಕ ಮೊದಲಿನಿಂದಲೂ ಬಿದ್ದಿದ್ದ ಕಾರ್ಖಾನೆಯ ಹಳೆಯ ಸುತ್ತಿಗೆಯೂ ಅವಳ ಪಾಲಿಗೆ ಬಂತು. ಅವಳು ಹಾಕಿದ ಕೀಲಿನ ಮುಚ್ಚಳ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತೊಂದರ ಆ ಶನಿವಾರ, ವರ್ಷ ತುಂಬಲು ಇಪ್ಪತ್ತು ದಿನ ಬಾಕಿ ಇತ್ತು.

ಜಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹನ್ನೆರಡು ಟ್ರಂಕು ಹೋಗಬೇಕಿತ್ತು. ವಾರ್ಡನ್ ಸರ್ವಮಂಗಳಮ್ಮನವರು ಸಂಜೆ ನಾಲ್ಕಕ್ಕೆ ಲಾರಿ ತೆಗೆದುಕೊಂಡು ತಾವೇ ಬರುವವರಿದ್ದರು. ಅವರು ಪ್ರತಿ ಟ್ರಂಕಿನ ಮುಚ್ಚಳವನ್ನು ಮೂರು ಸಲ ತೆಗೆದು ಮುಚ್ಚಿ ನೋಡುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದರು. ಹನ್ನೆರಡೂ ಡಬ್ಬಿಗಳು ಸಿದ್ಧವಾಗಿ ಗೋಡೆಗೆ ಸಾಲಾಗಿ ನಿಂತಿದ್ದವು. ಮುಚ್ಚಳಗಳು ಎದುರಿನ ಗೋಡೆಗೆ ಒರಗಿದ್ದವು. ಒಂದೊಂದಕ್ಕೆ ಎರಡು ಕೀಲು, ಒಟ್ಟು ಇಪ್ಪತ್ತನಾಲ್ಕು. ಅದೊಂದೇ ಉಳಿದದ್ದು. ಬೆಳಿಗ್ಗೆ ಹತ್ತಕ್ಕೆ ಮಹೇಶ್ವರಪ್ಪನವರು ಚಿಲಕಗಳನ್ನು ತರಲು ನ್ಯಾಮತಿಗೆ ಹೊರಟಾಗ ಉಡಚಮ್ಮನ ಕಡೆ ಬೆರಳು ತೋರಿಸಿ "ನಿನ್ನ ಮ್ಯಾಲೆ ಬಿಟ್ಟೀನಿ" ಎಂದು ಹೋದರು.

ಮೂಲೆಯಲ್ಲಿ ಇನ್ನೊಂದು ಟ್ರಂಕಿತ್ತು. ಚನ್ನಗಿರಿ ಹತ್ತಿರದ ನಲ್ಲೂರಿನ ಒಬ್ಬ ಅಡಿಕೆ ವ್ಯಾಪಾರಿ ಮಗಳ ಮದುವೆಯ ಹಾಸಿಗೆ, ಕಂಬಳಿ ಇಡಲು ಹೇಳಿ ಮಾಡಿಸಿದ್ದು. ಒಬ್ಬ ಮನುಷ್ಯ ಮೊಣಕಾಲು ಮಡಚಿ ಮಲಗಬಹುದಾದಷ್ಟು ದೊಡ್ಡದು. ಒಳಗೆ ಹಸಿರು ಬಣ್ಣ ಬಳಿದಿದ್ದರು. ತಳದ ಬಣ್ಣ ಒಣಗಿತ್ತು, ಮುಚ್ಚಳದ್ದು ಇನ್ನೂ ಹಸಿ.

ಜುಂಜಪ್ಪ ಅದರೊಳಗೆ ಇಳಿದ. ಜುಂಜಪ್ಪ ಸೊಕ್ಕೆ ಊರಿನವನು, ನಲವತ್ತು ವರ್ಷ, ತಲೆ ಪೂರಾ ಬೋಳು. ಹೊರಗಿನಿಂದ ರಿವೆಟ್ ಹೊಡೆಯುವಾಗ ಒಳಗಿನಿಂದ ಯಾರಾದರೂ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಒಂದು ರಿವೆಟ್ ಸಡಿಲವಿದೆ ಎಂದು ತಾನೇ ಕಂಡುಹಿಡಿದು, ತಾನೇ ಒಳಗೆ ಕುಳಿತು, ರೇವಣ್ಣನನ್ನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮುಚ್ಚಳ ಬಿತ್ತು. ಚಿಲಕವೂ ಬಿತ್ತು. ಒಳ್ಳೆಯ ಕೀಲು. ಸದ್ದೇ ಆಗಲಿಲ್ಲ.

ರೇವಣ್ಣ ಹೊರಗಿನಿಂದ ಬಂದ. ಅವನು ಎಲ್ಲರಿಗಿಂತ ಚಿಕ್ಕವನು, ಹೋದ ವರ್ಷವಷ್ಟೇ ಮದುವೆಯಾಗಿದ್ದ, ಮುನ್ನೂರು ದಿನದಿಂದ ಹಿಡಿಕೆ ಬಿಟ್ಟು ಬೇರೆ ಕೆಲಸ ಕಂಡಿರಲಿಲ್ಲ. ದೊಡ್ಡ ಟ್ರಂಕಿನ ಮುಂದೆ ಕುಳಿತು ಹಿಡಿಕೆಯ ರಿವೆಟ್ ಹೊಡೆಯತೊಡಗಿದ. ಟಣ್ ಟಣ್. ಒಳಗಿನಿಂದ ಜುಂಜಪ್ಪ ಬಡಿದ. ಡಬ್ ಡಬ್. ರೇವಣ್ಣ ಅದು ತನ್ನ ಏಟಿನ ಮಾರ್ದನಿ ಎಂದುಕೊಂಡ. ಅವನಿಗೆ ಖುಷಿಯಾಯಿತು. ಟಣ್ ಟಣ್ ಟಣಾ ಟಣ್ ಎಂದು ಬಾರಿಸಿದ. ಒಳಗಿನಿಂದ ಡಬ್ ಡಬ್ ಡಬ್ ಡಬ್ ಡಬ್.

ಕತ್ತರಿ ಹಿಡಿದಿದ್ದ ಮೇಸ್ತ್ರಿಯ ಕೈ ನಿಂತಿತು. ಕಣ್ಣು ಮುಚ್ಚಿದರು. ಗೋಡೆಯ ಕಡೆ ಮುಖ ಮಾಡಿಕೊಂಡು ಬಹಳ ಗಂಭೀರವಾಗಿ ಕೇಳಿದರು.

"ಯಾರೋ ಹೆದರ್ಯಾರೆ."

"ಯಾರು?" ಎಂದ ರೇವಣ್ಣ.

"ಇದು ಹೆದರಿಕೆ ಏಟು. ಬಾಳ ಹೆದರಿಕೆ. ನಿಂದೇನೋ?"

"ನಂಗ್ಯಾಕ್ರಿ ಹೆದರಿಕೆ? ಹಿಡಿಕೆ ಹೊಡಿಯಾಕೆ ಏನು ಹೆದರಿಕೆ?"

"ಸುಳ್ಳು ಹೇಳಬ್ಯಾಡ. ನನ್ನ ಕಿವಿ ಮೂವತ್ತು ವರ್ಷದಿಂದ ಕೇಳ್ತಾ ಐತೆ. ಮನ್ಯಾಗೆ ಏನಾದ್ರೂ ಆಗೈತಾ? ಹೆಂಡ್ತಿ ಏನಾದ್ರೂ ಅಂದ್ಳಾ?"

"ಇಲ್ರೀ!"

ಡಬ್ ಡಬ್ ಡಬ್ ಡಬ್.

"ನೋಡು! ಈಗ ಇನ್ನೂ ಜಾಸ್ತಿ ಆತು. ಕೆಳಗಿಡು ಸುತ್ತಿಗೆ. ಹೋಗಿ ಅಳತೆ ಹಿಡಿ."

ರೇವಣ್ಣ ಸುತ್ತಿಗೆ ಕೆಳಗಿಟ್ಟ. ಎರಡೂ ಕೈ ಮೇಲೆತ್ತಿ ತೋರಿಸಿದ. ಡಬ್ ಡಬ್ ನಿಲ್ಲಲಿಲ್ಲ. ಮೇಸ್ತ್ರಿ ಕಣ್ಣು ತೆರೆದು ಅವನ ಖಾಲಿ ಕೈ ನೋಡಿದರು. ಉಡಚಮ್ಮನ ಕೈ ನೋಡಿದರು. ತಮ್ಮ ಕೈಯನ್ನೂ ನೋಡಿಕೊಂಡರು.

ಹನ್ನೊಂದು ತಿಂಗಳಲ್ಲಿ ಹೌದು, ಇಲ್ಲ, ಆಗಲಿ ಬಿಟ್ಟು ಹೆಚ್ಚು ಮಾತಾಡಿರದ ಉಡಚಮ್ಮ, ಕೀಲಿನ ಮಣೆಯಿಂದ ತಲೆ ಎತ್ತದೆ ಹೇಳಿದಳು:

"ಟ್ರಂಕು ಹೆದರೈತ್ರೀ, ಮೇಸ್ತ್ರಿ."

ರೇವಣ್ಣ ಮುಚ್ಚಳ ತೆಗೆದ. ಜುಂಜಪ್ಪ ನಿಧಾನವಾಗಿ ಎದ್ದು ನಿಂತ. ಬೋಳು ತಲೆ ಹುಬ್ಬಿನವರೆಗೆ ಹಸಿರಾಗಿತ್ತು. ಹೊಳೆಯುತ್ತಿತ್ತು. ಅವನು ಎಲ್ಲರನ್ನೂ ಒಮ್ಮೆ ನೋಡಿದ. ಬಹಳ ಮರ್ಯಾದೆಯಿಂದ ಹೇಳಿದ:

"ಮೇಸ್ತ್ರಿ ಹೇಳಿದ್ದು ಖರೆ ಐತ್ರಪ್ಪ. ಬಾಳ ಹೆದರಿಕೆ ಆಗಿತ್ತು."

ಮೊದಲು ನಕ್ಕದ್ದು ಉಡಚಮ್ಮ. ಅದು ನಗುವೆಂದು ಯಾರಿಗೂ ತಕ್ಷಣ ತಿಳಿಯಲಿಲ್ಲ, ಅವಳಿಗೂ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಸದ್ದಾಯಿತು. ಆಮೇಲೆ ಅದು ಹೊರಗೆ ಬಂತು. ಅವಳು ಮಣೆಯಿಂದ ಪಕ್ಕಕ್ಕೆ ಜಾರಿ ನೆಲದ ಮೇಲೆ ಕುಳಿತಳು. ರೇವಣ್ಣ ಗೋಡೆಗೆ ಒರಗಿದ್ದ ಮುಚ್ಚಳಗಳ ಮೇಲೆ ಬಿದ್ದ, ಹನ್ನೆರಡೂ ಒಂದರ ಹಿಂದೆ ಒಂದು ಢಣಾರನೆ ಉರುಳಿದವು. ಮೇಸ್ತ್ರಿ ತಗಡಿನ ರಾಶಿಯ ಮೇಲೆ ಕುಳಿತು ತೊಡೆ ತಟ್ಟಿಕೊಂಡು ನಕ್ಕರು. ಜುಂಜಪ್ಪ ಟ್ರಂಕಿನೊಳಗೆ ನಿಂತೇ ನಕ್ಕ. ಸ್ವಲ್ಪ ನಿಂತಿತು ಎನ್ನುವಾಗ ಅವನು ತಲೆ ಕೆರೆದುಕೊಂಡ, ಬೆರಳು ಹಸಿರಾಯಿತು. ಎಲ್ಲ ಮತ್ತೆ ಮೊದಲಿನಿಂದ.

ನಕ್ಕು ಮುಗಿದ ಮೇಲೆ ಅವಳಿಗೆ ಮೊದಲು ನೆನಪಾದದ್ದು ಗಂಡನಲ್ಲ, ಕೀಲು.

ಅವಳು ಎದ್ದು ಮಣೆಯ ಮೇಲೆ ಕುಳಿತಳು. ಮೊದಲ ಟ್ರಂಕು ಎಳೆದುಕೊಂಡಳು. ಕೀಲು ಇಟ್ಟು, ಮೊಳೆ ಹಿಡಿದು, ಹೊಡೆದಳು. ಸುತ್ತಿಗೆ ಕೈಯಲ್ಲಿ ಹಗುರವಾಗಿತ್ತು. ಯಾರದೋ ಸುತ್ತಿಗೆಯಂತಿತ್ತು. ಎರಡು ಕೀಲು ಹಾಕಿ ಮುಚ್ಚಳ ಮುಚ್ಚಿದಳು. ಬಲಮೂಲೆ ಒಂದು ಎಳ್ಳಿನಷ್ಟು ಎದ್ದುಕೊಂಡಿತ್ತು. ಒತ್ತಿದಳು. ಕಿರ್ ಎಂದಿತು.

ಎಲ್ಲರೂ ಕೇಳಿಸಿಕೊಂಡರು.

"ಬಿಡು ತಂಗಿ," ಎಂದರು ಮೇಸ್ತ್ರಿ. "ಒಂದು ಗಳಿಗೆ ಬಿಟ್ಟು ಮಾಡು."

ಅವಳು ಕೀಲು ಕಿತ್ತಳು. ಒಂದು ಗಳಿಗೆ ಬಿಟ್ಟಳು. ಕಣ್ಣು ಮುಚ್ಚಿ ಗಂಡನನ್ನು ನೆನೆಸಿಕೊಳ್ಳಲು ನೋಡಿದಳು. ಆಸ್ಪತ್ರೆಯ ಮಂಚ, ಹಳದಿ ಕಣ್ಣು. ಹಳದಿಯ ಹಿಂದೆಯೇ ಹಸಿರು ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಆಗ್ತಾ ಇಲ್ರೀ," ಎಂದಳು. ದನಿಯಲ್ಲಿ ನಗುವೂ ಇತ್ತು, ಭಯವೂ ಇತ್ತು. "ಮೇಸ್ತ್ರಿ, ಕೀಲು ಹಾಕಾಕೆ ಆಗ್ದಿದ್ರೆ ನಾನು ಗೋವಿನಕೋವಿಗೆ ಹೋಗಬೇಕಾಗ್ತೈತೆ."

ನಗು ನಿಂತಿತು. ಎಲ್ಲರಿಗೂ ಆ ಕಾಳಿನ ಕೋಣೆ ಗೊತ್ತಿತ್ತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಅದೇನು ದೊಡ್ಡ ಮಾತು?" ಎಂದ ರೇವಣ್ಣ. "ನಾನು ದುಃಖ ಪಡ್ತೀನಿ. ಕೊಡಕ್ಕ ಇಲ್ಲಿ ಸುತ್ತಿಗೆ." ಮಣೆಯ ಮೇಲೆ ಕುಳಿತ. ಮುಖ ಇಳಿಬಿಟ್ಟ. "ನಮ್ಮ ಕರಿ ಎತ್ತು ಸತ್ತಾಗ ನಾನು ಮೂರು ದಿನ ಉಂಡಿರ್ಲಿಲ್ಲ. ಅದರ ಹಣೆ ಮ್ಯಾಲೆ ಒಂದು ಬಿಳಿ ಚುಕ್ಕಿ ಇತ್ತು..." ಅವನ ದನಿ ಭಾರವಾಯಿತು. ಮೇಸ್ತ್ರಿ ಮೆಲ್ಲಗೆ ಕೀಲನ್ನು ಅವನ ಮುಂದೆ ಸರಿಸಿದರು.

"ಯಾವ್ದು, ಬಲಗೊಂಬು ಮುರುಕಿಂದಾ?" ಎಂದ ಜುಂಜಪ್ಪ.

"ಹೂಂ."

"ಅದು ಸತ್ತಿಲ್ಲಪ್ಪ. ನಿಮ್ಮಪ್ಪ ಅದನ್ನ ನಮ್ಮೂರ ಕಡೆಯೋರಿಗೆ ಮಾರಿದ್ರು. ನೀನು ಅಳ್ತೀಯ ಅಂತ ಸತ್ತೋತು ಅಂದಿರ್ಬೇಕು. ಹೋದ ತಿಂಗಳು ನಾನೇ ನೋಡೀನಿ. ದಪ್ಪ ಆಗೈತೆ."

ರೇವಣ್ಣ ಬಾಯಿ ತೆರೆದ. "ಖರೇನಾ?"

"ಆಣೆ ಮಾಡ್ತೀನಿ."

ರೇವಣ್ಣ ಎದ್ದು ಜುಂಜಪ್ಪನನ್ನು ತಬ್ಬಿಕೊಂಡ. ಅವನ ಕೆನ್ನೆಯೂ ಹಸಿರಾಯಿತು. ಇನ್ನು ಒಂದು ವರ್ಷ ಅವನಿಗೆ ಕೀಲು ಕೊಡುವಂತಿರಲಿಲ್ಲ.

ಮೇಸ್ತ್ರಿ ತಾವೇ ಕುಳಿತರು. "ನಮ್ಮತ್ತೆ ತೀರ್ಕೊಂಡಾಗ..." ಎಂದು ಶುರು ಮಾಡಿದರು. ಸ್ವಲ್ಪ ಹೊತ್ತು ಯೋಚಿಸಿದರು. "ಅದು ಬ್ಯಾಡ ಬಿಡು," ಎಂದು ಎದ್ದರು.

ಜುಂಜಪ್ಪ ಕುಳಿತಾಗ ಯಾರೂ ಅವನ ಕಡೆ ನೋಡದೆ ಇರಲು ಪ್ರಯತ್ನಿಸಿದರು. ನೋಡದೆ ಇದ್ದದ್ದೇ ತಪ್ಪಾಯಿತು. ಎಲ್ಲರೂ ಗೋಡೆಯ ಕಡೆ ತಿರುಗಿ ನಿಂತಿದ್ದನ್ನು ಕಂಡು ಅವನಿಗೇ ನಗು ಬಂತು. ರೇವಣ್ಣ ಮೆಣಸಿನಕಾಯಿ ಬೋಂಡದ ಅಂಗಡಿಯಿಂದ ನಾಲ್ಕು ಈರುಳ್ಳಿ ತಂದು ಹೆಚ್ಚಿದ. ನಾಲ್ವರ ಕಣ್ಣಲ್ಲೂ ನೀರು ಸುರಿಯಿತು. ಕಣ್ಣೀರು ಒರೆಸಿಕೊಂಡು ನಕ್ಕರು.

"ಕಣ್ಣೀರು ಬ್ಯಾಡಲೇ," ಎಂದರು ಮೇಸ್ತ್ರಿ. "ಕೈ ಭಾರ ಆಗಬೇಕು, ಕೈ."

ಒಂದು ಗಂಟೆಗೆ ಮಹೇಶ್ವರಪ್ಪನವರು ಚಿಲಕದ ಗಂಟು ಹೊತ್ತು ಬಂದರು. ಬಾಗಿಲಲ್ಲಿ ಅವರ ನೆರಳು ಬಿದ್ದೊಡನೆ ಜುಂಜಪ್ಪ ಹಿಂದೆ ಮುಂದೆ ನೋಡದೆ ದೊಡ್ಡ ಟ್ರಂಕಿನೊಳಗೆ ಇಳಿದ. ಈ ಸಲ ರೇವಣ್ಣ ಮುಚ್ಚಳದ ಸಂದಿಯಲ್ಲಿ ಒಂದು ಮರದ ತುಂಡು ಇಟ್ಟ, ಗಾಳಿಯಾಡಲೆಂದು.

ಮಹೇಶ್ವರಪ್ಪನವರು ಕಂಡದ್ದು ಇಷ್ಟು: ನೆಲದ ಮೇಲೆ ಉರುಳಿದ ಹನ್ನೆರಡು ಮುಚ್ಚಳ, ಹೆಚ್ಚಿದ ಈರುಳ್ಳಿ, ಒಂದು ಕೆನ್ನೆ ಹಸಿರಾದ ರೇವಣ್ಣ, ಕಣ್ಣೊರೆಸಿಕೊಳ್ಳುತ್ತಿರುವ ಮೇಸ್ತ್ರಿ.

"ಏನ್ರೋ ಇದು? ಒಂದಕ್ಕೂ ಕೀಲಿಲ್ಲ! ನಾಲ್ಕಕ್ಕೆ ಆಯಮ್ಮ ಬಂದು ಮೂರು ಮೂರು ಸಲ ತೆಗೀತಾಳೆ! ಏನು ತೆಗೀಬೇಕು, ನನ್ನ ತಲೆನಾ?"

ತಲೆ ಎಂದದ್ದೇ ರೇವಣ್ಣ ಬಗ್ಗಿ ನೆಲ ನೋಡಿದ. ಅವನ ಬೆನ್ನು ಕುಲುಕುತ್ತಿತ್ತು.

"ನಗ್ತಾನೆ! ನೋಡ್ರಿ, ನಗ್ತಾನೆ!" ಅವರು ಉಡಚಮ್ಮನ ಕಡೆ ತಿರುಗಿದರು. "ನೀನೂನಾ?"

"ಹೌದ್ರೀ."

"ನಿನ್ನ ಯಾಕೆ ಇಟ್ಕೊಂಡೀನಿ ಇಲ್ಲಿ?"

"ಕೀಲಿನ ಕೆಲಸಕ್ಕೆ ರೀ."

"ಮತ್ತೆ?"

ಮಹೇಶ್ವರಪ್ಪನವರು ಚಿಲಕದ ಗಂಟನ್ನು ನೆಲಕ್ಕೆ ಎಸೆದರು. ಮೇಸ್ತ್ರಿ ಆ ಸದ್ದು ಕೇಳಿದರು. ತಲೆ ಒಂದು ಪಕ್ಕ ವಾಲಿಸಿದರು. ಆಮೇಲೆ ಎದ್ದು, ಒಂದು ದಪ್ಪ ತಗಡನ್ನು ಸಾಹುಕಾರರ ಮುಂದೆ ಇಟ್ಟರು. ಕೊಡತಿಯನ್ನು ಅವರ ಕೈಗೆ ಕೊಟ್ಟರು.

"ಬೈಯ್ರಿ ಸಾವ್ಕಾರ್ರೆ, ಬೈಯ್ರಿ. ಬೈಬೇಕಾದ್ದೇ. ಬೈತಾ ಬೈತಾ ಇದನ್ನ ಒಂಚೂರು ತಟ್ರಿ, ನಡುವೆ ಉಬ್ಬೈತೆ."

"ಸೋಮಾರಿಗಳ್ರಾ!" ಧಡ್. "ತಿಂದು ತಿಂದು!" ಧಡ್. "ನಾನು ಬಸ್ಸಿನಾಗೆ ನಿಂತ್ಕೊಂಡು ಬಂದೀನಿ!" ಧಡ್ ಧಡ್. ಒಂದು ತಗಡು ಕನ್ನಡಿಯಂತೆ ಮಟ್ಟವಾಯಿತು. ಮೇಸ್ತ್ರಿ ಅದನ್ನು ಎಳೆದುಕೊಂಡು ಇನ್ನೊಂದು ಇಟ್ಟರು. ಅದರ ನಡುವಿನಲ್ಲಿ ಏಟುಗಳು ದೂರ ದೂರವಾದವು. ಮೂರನೆಯದು ಇಡುವ ಹೊತ್ತಿಗೆ ಮಹೇಶ್ವರಪ್ಪನವರು ಕೊಡತಿ ಕೆಳಗಿಟ್ಟು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಕುಳಿತುಬಿಟ್ಟರು. ಹಣೆಯ ವಿಭೂತಿ ಬೆವರಿನಲ್ಲಿ ಅಳಿಸಿತ್ತು.

"ಯಾರಿಗೆ ಹೇಳ್ಲಿ?" ಎಂದರು. "ಮನ್ಯಾಗೂ ನನ್ನ ಮಾತು ಕೇಳೋರಿಲ್ಲ, ಇಲ್ಲೂ ಇಲ್ಲ. ಒಂದು ಕಾಲದಾಗೆ ಇದೇ ಜಾಗದಾಗೆ ನಾನೇ ಕುಂತು ಕೀಲು ಹಾಕ್ತಿದ್ದೆ. ಅಪ್ಪ ಇದ್ದಾಗ. ನಮ್ಮವ್ವ ಇಲ್ಲಿಗೇ ಬುತ್ತಿ ಕಳಿಸೋಳು."

ಮೇಸ್ತ್ರಿ ಉಡಚಮ್ಮನನ್ನು ನೋಡಿದರು. ಉಡಚಮ್ಮ ಮೇಸ್ತ್ರಿಯನ್ನು ನೋಡಿದಳು. ಅವಳು ಕೀಲಿನ ಮಣೆಯನ್ನು ಸದ್ದಾಗದಂತೆ ತಂದು ಸಾಹುಕಾರರ ಹಿಂದೆ ಇಟ್ಟಳು. ಅವರು ತಿಳಿಯದೆ ಅದರ ಮೇಲೆ ಸರಿದು ಕುಳಿತರು. ಮೊದಲ ಟ್ರಂಕು ಮುಂದೆ ಬಂತು. ಕೈಗೆ ಸುತ್ತಿಗೆ ಬಂತು. ಯಾರು ಕೊಟ್ಟರೆಂದು ಅವರು ನೋಡಲಿಲ್ಲ. ಕೀಲು ಇಟ್ಟರು. ಹೊಡೆದರು.

ಎಂಥ ಏಟು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು.

ಎರಡು ಟ್ರಂಕು ಮುಗಿದವು. ಮೂರನೆಯದಕ್ಕೆ ಏಟು ಸ್ವಲ್ಪ ಚುರುಕಾಯಿತು. ಸಾಹುಕಾರರು ತಮ್ಮ ಕೆಲಸ ತಾವೇ ಮೆಚ್ಚಿಕೊಳ್ಳತೊಡಗಿದ್ದರು. ಅಪಾಯ ಕಂಡ ರೇವಣ್ಣ ಮುಂದೆ ಬಂದ.

"ಸಾವ್ಕಾರ್ರೆ, ನಾಳೆ ನೀವು ಸತ್ತುಹೋದ್ರೆ ಈ ಕಾರ್ಖಾನೆ ಗತಿ ಏನ್ರೀ?"

"ನಿಮ್ಮಪ್ಪ ಸಾಯ್ಲಿ!" ಕೀಲು ಬಗ್ಗಿಹೋಯಿತು.

ಮೇಸ್ತ್ರಿ ಅವನನ್ನು ರಟ್ಟೆ ಹಿಡಿದು ಹಿಂದೆ ಎಳೆದರು. ಉಡಚಮ್ಮ ಬಗ್ಗಿದ ಕೀಲು ತೆಗೆದು ಹೊಸದು ಇಟ್ಟಳು. ಪಕ್ಕದಲ್ಲಿ ಕುಳಿತಳು. ಬೇರೆ ಯಾವುದೋ ಕೆಲಸ ಮಾಡುತ್ತ ಕೇಳುವವಳಂತೆ ಕೇಳಿದಳು.

"ಸಾವ್ಕಾರ್ರೆ, ನಿಮ್ಮವ್ವ ಮಜ್ಜಿಗಿ ಸಾರಿಗೆ ಕರಿಬೇವು ಯಾವಾಗ ಹಾಕ್ತಿದ್ರು? ಒಗ್ಗರಣ್ಯಾಗೋ, ಇಳಿಸಿದ ಮ್ಯಾಲೋ?"

ಮಹೇಶ್ವರಪ್ಪನವರ ಸುತ್ತಿಗೆ ಗಾಳಿಯಲ್ಲಿ ನಿಂತಿತು.

"ಇಳಿಸಿದ ಮ್ಯಾಲೆ," ಎಂದರು. "ಎಲೆ ಇಡಿಯಾಗಿ ಹಾಕಿದ್ರೆ ನಾನು ತೆಗೆದು ಪಕ್ಕಕ್ಕೆ ಇಡ್ತೀನಿ ಅಂತ, ಹರಿದು ಹರಿದು ಹಾಕೋಳು. ಕಾಣಬಾರ್ದು ಅಂತ."

ಆಮೇಲೆ ಮೂರು ಟ್ರಂಕಿನ ಆರು ಕೀಲು ಒಂದೇ ಸಮನೆ ಬಿದ್ದವು.

"ಹೆಂಗೆ ಮಾಡಿದೆ ತಂಗಿ?" ಎಂದು ಮೇಸ್ತ್ರಿ ಪಿಸುಗುಟ್ಟಿದರು.

"ದೊಡ್ಡದು ಕೇಳಬಾರ್ದು ಮೇಸ್ತ್ರಿ. ದೊಡ್ಡದಕ್ಕೆ ಕೈ ನಡುಗ್ತೈತೆ. ಸಣ್ಣದು ಕೇಳಿದ್ರೆ ಕೈ ನಿಲ್ತೈತೆ."

"ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ನನ್ನ ಎಲ್ರೂ ದೊಡ್ಡದೇ ಕೇಳ್ತಾರೆ."

ಎರಡೂವರೆಗೆ ಅವಳು ಕೇಳಿದಳು: "ನಿಮ್ಮಪ್ಪಾರು ಸುತ್ತಿಗೆ ಯಾವ ಕೈಯಾಗೆ ಹಿಡೀತಿದ್ರು?"

"ಎಡಗೈಯಾಗೆ. ಯಾಕೆ?"

ಅವಳು ಸುತ್ತಿಗೆಯ ಕಡೆ ನೋಡಿದಳು. ಮಹೇಶ್ವರಪ್ಪನವರು ಕೈಯಲ್ಲಿದ್ದ ಸುತ್ತಿಗೆಯ ಹಿಡಿಯನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನ ಸವಕಳಿ ಅವರ ಹೆಬ್ಬೆರಳು ಕೂರದ ಪಕ್ಕದಲ್ಲಿತ್ತು. ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ, ಅವಳು ಬಿಟ್ಟು. ಮತ್ತೆ ಐದು ಟ್ರಂಕು.

ಮೂರೂವರೆ. ಹತ್ತು ಮುಗಿದಿದ್ದವು. ರೇವಣ್ಣ ಚಿಲಕ ಹಾಕುತ್ತ ಅವರ ಹಿಂದೆ ಹಿಂದೆ ಬರುತ್ತಿದ್ದ. ಒಬ್ಬರೂ ಕೆಮ್ಮುತ್ತಿರಲಿಲ್ಲ. ಸಾಹುಕಾರರ ದುಃಖವನ್ನು ತುಂಬಿದ ಹಾಲಿನ ಪಾತ್ರೆಯಂತೆ ಮೂವರೂ ಜೋಪಾನ ಮಾಡುತ್ತಿದ್ದರು. ಹನ್ನೊಂದನೆಯದರ ಎರಡನೆಯ ಕೀಲಿನ ಕೊನೆಯ ಮೊಳೆ ಒಳಗೆ ಹೋಯಿತು.

ದೊಡ್ಡ ಟ್ರಂಕು ಸೀನಿತು.

ಎರಡೂವರೆ ಗಂಟೆ ಬಣ್ಣದ ವಾಸನೆಯಲ್ಲಿ ಕುಳಿತಿದ್ದ ಜುಂಜಪ್ಪ ತಡೆದುಕೊಂಡದ್ದೇ ಹೆಚ್ಚು. ಸೀನಿದ ರಭಸಕ್ಕೆ ತಲೆ ಮುಚ್ಚಳಕ್ಕೆ ಬಡಿದು ಡಬ್ ಎಂದಿತು. ಮಹೇಶ್ವರಪ್ಪನವರು ತಲೆ ಎತ್ತಿದರು.

"ಏನದು?"

ರೇವಣ್ಣ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಚಾವಣಿಯನ್ನು ನೋಡಿದರು.

"ಟ್ರಂಕಿಗೆ ನೆಗಡಿ ಆಗೈತ್ರೀ," ಎಂದಳು ಉಡಚಮ್ಮ.

ಮಹೇಶ್ವರಪ್ಪನವರು ಎದ್ದು ಹೋಗಿ ಮುಚ್ಚಳ ತೆಗೆದರು. ಜುಂಜಪ್ಪ ಕುಳಿತಲ್ಲಿಂದಲೇ ಎರಡೂ ಕೈ ಮುಗಿದ. "ಶರಣ್ರೀ ಸಾವ್ಕಾರ್ರೆ," ಎಂದ. ತಲೆ ಈಗ ಎರಡು ಪದರ ಹಸಿರಾಗಿತ್ತು.

ಮಹೇಶ್ವರಪ್ಪನವರು ಆ ತಲೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಭುಜ, ಕೊನೆಗೆ ಬಾಯಿ. ಅವರು ನಕ್ಕದ್ದನ್ನು ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ. ಅದು ಕುದುರೆ ಕೆನೆದಂತಿತ್ತು. ಅದನ್ನು ಕೇಳಿ ಉಳಿದವರು ಮತ್ತೆ ಬಿದ್ದರು. ಸಾಹುಕಾರರು ಟ್ರಂಕಿನ ಅಂಚು ಹಿಡಿದುಕೊಂಡು, ಉಸಿರು ಸಿಗದೆ, "ಹೆಂಗೆ... ಯಾವಾಗಿಂದ..." ಎಂದರು. "ಬೆಳಿಗ್ಗೆ ಒಂದು ಸಲ, ಈಗ ಒಂದು ಸಲ ರೀ," ಎಂದು ಜುಂಜಪ್ಪ ಲೆಕ್ಕ ಒಪ್ಪಿಸಿದ.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು.

ಹನ್ನೆರಡನೆಯ ಟ್ರಂಕಿಗೆ ಮುಚ್ಚಳವಿರಲಿಲ್ಲ. ಉಡಚಮ್ಮ ಒಬ್ಬಳೇ ಸುತ್ತಿಗೆಯ ಹತ್ತಿರ ಇದ್ದಳು. ತೆಗೆದುಕೊಂಡಳು. ಮೊದಲ ಏಟಿನಲ್ಲೇ ಅವಳಿಗೆ ಗೊತ್ತಾಯಿತು. ಆದರೂ ಹೊಡೆದಳು. ನಗು ನಿಲ್ಲಿಸಿ ಹೊಡೆಯಬಹುದಿತ್ತೇನೋ, ನಿಲ್ಲಿಸಲಿಲ್ಲ. ಹನ್ನೊಂದು ತಿಂಗಳ ಮೇಲೆ ಬಂದದ್ದು.

ಸರ್ವಮಂಗಳಮ್ಮನವರು ಎತ್ತರದ ಹೆಂಗಸು. ಕೈಯಲ್ಲಿ ಕೊಡೆ. ಮೊದಲ ಟ್ರಂಕಿನಿಂದ ಶುರು ಮಾಡಿದರು. ತೆಗೆದರು, ಮುಚ್ಚಿದರು. ತೆಗೆದರು, ಮುಚ್ಚಿದರು. ತೆಗೆದರು, ಮುಚ್ಚಿದರು. ಹನ್ನೊಂದೂ ಉಸಿರೆಳೆದಂತೆ ಮುಚ್ಚಿಕೊಂಡವು. ಜುಂಜಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಹಿಂದೆ ನಿಂತಿದ್ದ. ಟವೆಲ್ ನಿಧಾನವಾಗಿ ಹಸಿರಾಗುತ್ತಿತ್ತು.

ಹನ್ನೆರಡನೆಯದು ಕಿರ್ ಎಂದಿತು. ಬಲಮೂಲೆ ಮೇಲೆದ್ದು ನಿಂತಿತು.

"ಇದ್ಯಾಕೆ ಹಿಂಗೈತೆ?"

ಮಹೇಶ್ವರಪ್ಪನವರು ಉಡಚಮ್ಮನ ಕಡೆ ನೋಡಿದರು.

"ಅದನ್ನ ನಾನು ಹಾಕಿದ್ದು ರೀ," ಎಂದಳು ಅವಳು. "ನಗ್ತಾ ಹಾಕ್ದೆ."

ಸರ್ವಮಂಗಳಮ್ಮನವರು ಅವಳನ್ನು ನೋಡಿದರು, ರೇವಣ್ಣನ ಕೆನ್ನೆ ನೋಡಿದರು, ಹಿಂದಿನ ಟವೆಲ್ ನೋಡಿದರು. ತುಟಿ ಒಂದು ಕ್ಷಣ ಅಲುಗಿತು. ಕೊಡೆಯನ್ನು ನೆಲಕ್ಕೆ ಊರಿದರು.

"ಹನ್ನೊಂದು ಏರಿಸ್ರಿ. ಇದನ್ನ ಸರಿ ಮಾಡಿ ಇಡ್ರಿ, ಸೋಮವಾರ ಸಂಜೆ ಲಾರಿ ಬರ್ತೈತೆ. ಇನ್ನೊಂದು ಸಲ ಹಾಕೋವಾಗ ಅಳ್ತಾ ಹಾಕ್ರಿ."

"ಅತ್ರೂ ಆಗಾದಿಲ್ರೀ," ಎಂದ ರೇವಣ್ಣ. "ಈರುಳ್ಳಿ ಹೆಚ್ಚಿ ನೋಡೀವಿ."

ಲಾರಿ ಹೋಯಿತು. ಉಡಚಮ್ಮ ಬುತ್ತಿಯ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿದಳು. ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಸಾಹುಕಾರರ ಮುಂದೆ ಬಂದು ಸುತ್ತಿಗೆಯನ್ನು ಚಾಚಿದಳು. ಅವರು ತೆಗೆದುಕೊಂಡರು. ಅವಳ ಕೈ ಖಾಲಿಯಾಯಿತು.

"ಇನ್ನು ಮುಂದೆ ಕೀಲು ನಾನೇ ಹಾಕ್ತೀನಿ," ಎಂದರು ಮಹೇಶ್ವರಪ್ಪನವರು.

"ಹಂಗಾರೆ ನಾನು?"

"ನೀನು ಗೋವಿನಕೋವಿಗೆ ಹೋದ್ರೆ ನನಗೆ ಕರಿಬೇವು ಕೇಳೋರು ಯಾರು? ಇವನಾ?" ರೇವಣ್ಣನ ಕಡೆ ಕೈ ಮಾಡಿದರು. "ಇವನು ನನ್ನ ಸಾಯಿಸೇ ಬಿಡ್ತಾನೆ. ಸುಮ್ನೆ ಪಕ್ಕದಾಗೆ ಕುಂದ್ರು. ವರ್ಷ ಗಿರ್ಷ ಏನೂ ಇಲ್ಲ."

ಸೋಮವಾರ ಬೆಳಿಗ್ಗೆ ಎಲ್ಲರೂ ಅಡಿಗಲ್ಲಿನ ಮೇಲೆ ನಾಲ್ಕು ನಾಲ್ಕು ಸಲ ಬಡಿದರು. ಉಡಚಮ್ಮನೂ ಬಡಿದಳು. ಬೆನ್ನು ಹಾಕಿ ಕುಳಿತಿದ್ದ ಮೇಸ್ತ್ರಿ ಚಾ ಲೋಟ ಕೆಳಗಿಡದೆ ಹಿಡಿಕೆಗಳ ಡಬ್ಬಿಯನ್ನು ಅವಳ ಕಡೆ ನೂಕಿದರು. ರೇವಣ್ಣ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಅವಳು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಮಹೇಶ್ವರಪ್ಪನವರು ಬಂದರು. ಪಂಚೆಯ ಚುಂಗು ಕೈಯಲ್ಲಿ ಹಿಡಿದು, ಏನೋ ಗುನುಗುತ್ತ, ಒಳ್ಳೆಯ ನಿದ್ದೆ ಮಾಡಿದ ಮುಖದಲ್ಲಿ. ಅಪ್ಪನ ಸುತ್ತಿಗೆ ತೆಗೆದುಕೊಂಡು ಅವರೂ ನಾಲ್ಕು ಸಲ ಬಡಿದರು.

"ಸಾವ್ಕಾರ್ರಿಗೂ ಹಿಡಿಕೆ," ಎಂದರು ಮೇಸ್ತ್ರಿ, ತಿರುಗದೆ.

"ಎಂಥ ಹಿಡಿಕೆನೋ? ಸಂಜೆ ಲಾರಿ ಬರ್ತೈತೆ!" ಮಹೇಶ್ವರಪ್ಪನವರು ಅವಸರವಾಗಿ ಕೀಲಿನ ಮಣೆಯ ಮೇಲೆ ಕುಳಿತು ಹನ್ನೆರಡನೆಯ ಟ್ರಂಕನ್ನು ಎಳೆದುಕೊಂಡರು. ಎದುರಿಗೆ ಜುಂಜಪ್ಪ ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತಿಳಿಹಸಿರು ಮಾಡಿಕೊಂಡ ತಲೆಯಲ್ಲಿ ತಗಡು ಕತ್ತರಿಸುತ್ತಿದ್ದ. ಸಾಹುಕಾರರು ಬೇಗನೆ ಕಣ್ಣು ಮುಚ್ಚಿಕೊಂಡರು.

"ಉಡಚಮ್ಮಾ! ಕೇಳವ್ವಾ ಏನಾದ್ರೂ, ಲಗೂನ ಕೇಳು! ಖುಷಿ ಬರ್ತಾ ಐತೆ!"